ಹಾಸನ ಸೀಮೆಯವರ ಬೆಂಗಳೂರು

ನಮ್ಮ ಹಾಸನ ಸೀಮೆಯವರಿಗೆ ಬೆಂಗಳೂರಿಗೆ ಹೋಗಲು ಕಾರಣಗಳು ಎಂದೂ ಕಡಮೆಯಾದದ್ದಿಲ್ಲ. ಹಿಂದೆ ಕಚೇರಿಯ ಕೆಲಸ, ಕಾಲೇಜಿನ ಪ್ರವೇಶ, ವರಾನ್ವೇಷಣೆ, ಆಸ್ಪತ್ರೆ ಇವು ಕಾರಣಗಳಾಗಿದ್ದವು. ಇವೆಲ್ಲ ಮುಗಿದು ಬಸ್ಸಿಗೆ ಇನ್ನೂ ಎರಡು ಗಂಟೆ ಉಳಿದಿದ್ದರೆ ಒಂದು ಮಸಾಲೆದೋಸೆ ತಿಂದು, ಸಾಧ್ಯವಾದರೆ ಒಂದು ಆಟವನ್ನು ನೋಡಿ ಹಿಂದಿರುಗುವುದು ವಾಡಿಕೆ. ಈಗೀಗ ಆ ಎರಡು ಗಂಟೆಗಳ ಸುಖವೇ ಪ್ರಯಾಣದ ಉದ್ದೇಶವಾಗಿಬಿಟ್ಟಿದೆ. ಭಾನುವಾರ ಮುಂಜಾನೆ ಹೊರಟು, ಹೆಸರಾದ ಹೋಟೆಲಿನಲ್ಲಿ ತಿಂಡಿ ತಿಂದು, ಪಂದ್ಯ ನೋಡಿ, ಬಂಧುಗಳನ್ನು ಕಂಡು, ರಾತ್ರಿ ಮನೆ ಸೇರುವ ಸಂಸಾರಗಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಇದನ್ನು ದುಂದು ಎನ್ನುವ ಹಿರಿಯರೂ ಉಂಟು. ದುಂದೋ ಅಲ್ಲವೋ, ಈ ಸುಖದ ಮೂಲ ಯಾವುದು, ಅದು ಎಲ್ಲಿ ಕೆಡುತ್ತದೆ ಎಂಬುದನ್ನು ವಿಚಾರಿಸಿ ನೋಡುವುದರಲ್ಲಿ ತಪ್ಪೇನೂ ಇಲ್ಲ.

ಹಾದಿಯೂ ಈಗ ಸುಗಮವಾಗಿದೆ. ಹಾಸನದಿಂದ ಬೆಂಗಳೂರಿಗೆ ರಸ್ತೆಯ ಮೇಲೆ ಸುಮಾರು 185 ಕಿಲೋಮೀಟರು. ಹಿಂದೆ ರೈಲಿನಲ್ಲಿ ಹೋಗುವವರು ಅರಸೀಕೆರೆಯನ್ನೋ ಮೈಸೂರನ್ನೋ ಸುತ್ತಬೇಕಾಗಿತ್ತು. 2017ರ ಮಾರ್ಚ್ ತಿಂಗಳಲ್ಲಿ ಶ್ರವಣಬೆಳಗೊಳ, ಕುಣಿಗಲ್ಲುಗಳ ಮೇಲೆ ಹಾಯುವ ನೇರ ಮಾರ್ಗ ತೆರೆದಂದಿನಿಂದ ಚನ್ನರಾಯಪಟ್ಟಣದವರಿಗೆ ರಾಜಧಾನಿ ನೆರೆಯೂರಾಗಿದೆ. ಹೊಳೆನರಸೀಪುರದವರಿಗೆ ಹಾಸನಕ್ಕೆ ಬರಲು ಮೈಸೂರು ದಾರಿಯ ರೈಲುಂಟು. ಅರಕಲಗೂಡಿಗೆ ಮಾತ್ರ ರೈಲಿಲ್ಲ. ಅಲ್ಲಿಯವರಿಗೆ ಬಸ್ಸೇ ಗತಿ. ಆದರೆ ಮೆಜೆಸ್ಟಿಕ್ಕಿನ ಜನಪ್ರವಾಹದಲ್ಲಿ ಇಳಿದ ಮೇಲೆ ರೈಲಿನವರು, ಬಸ್ಸಿನವರು ಎಂಬ ಭೇದ ಉಳಿಯುವುದಿಲ್ಲ. ಎಲ್ಲರೂ ಸಮಾನವಾಗಿ ದಿಕ್ಕು ತಪ್ಪಿದವರೇ.

ನಮ್ಮವರ ಬೇಕರಿ

ಹೀಗೆ ದಿಕ್ಕು ತಪ್ಪಿದವನಿಗೆ ಮೊದಲು ಆಸರೆಯಾಗುವುದು ಬೀದಿಯ ಮೂಲೆಯ ಅಯ್ಯಂಗಾರ್ ಬೇಕರಿ. ಬೆಂಗಳೂರಿನಲ್ಲಿ ಈ ಫಲಕವಿಲ್ಲದ ಬಡಾವಣೆಯನ್ನು ಹುಡುಕುವುದು ಕಷ್ಟ. ಖಾರಾ ಬನ್ನು, ಪಲ್ಯದ ಬನ್ನು, ದಿಲ್‌ಪಸಂದ್, ಬೆಣ್ಣೆ ಬಿಸ್ಕತ್ತು, ಮೇಲೆ ಕೊಬ್ಬರಿ ತುರಿ ಉದುರಿಸಿದ ಹನಿ ಕೇಕು, ಎರಡು ಹೋಳಾಗಿ ಖಾರ ಬಳಿದುಕೊಂಡ ಕಾಂಗ್ರೆಸ್ ಕಡಲೇಕಾಯಿ - ಇವನ್ನು ತಿನ್ನದೆ ಬೆಳೆದ ಮಕ್ಕಳು ಆ ಊರಿನಲ್ಲಿ ಕಡಮೆ. ಕಡಲೇಕಾಯಿಗೆ ಆ ಹೆಸರು ಬಂದದ್ದು 1969ರಲ್ಲಿ ಕಾಂಗ್ರೆಸ್ ಪಕ್ಷ ಇಬ್ಭಾಗವಾದಾಗ ಎಂದು ಹೇಳುವುದುಂಟು. ನಿಜವೇ ಆದರೆ, ನಮ್ಮ ರಾಜಕೀಯ ಇತಿಹಾಸದ ಅತ್ಯಂತ ರುಚಿಕರವಾದ ಪುಟ ಅದು.

ಈ ಬೇಕರಿಗಳ ಬೇರು ಇರುವುದು ನಮ್ಮ ಜಿಲ್ಲೆಯಲ್ಲಿ. ಹಾಸನದ ಕಡೆಯಿಂದ ಬಂದ ಎಚ್. ಎಸ್. ತಿರುಮಲಾಚಾರ್ ಅವರು 1898ರಲ್ಲಿ ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿಯನ್ನು ತೆರೆದರು. ಅವರಿಗೆ ಒಲೆಯ ವಿದ್ಯೆಯನ್ನು ಕಲಿಸಿದವನು ಒಬ್ಬ ಆಂಗ್ಲ ಗಿರಾಕಿ ಎಂದು ಪ್ರತೀತಿ. ಮೊಟ್ಟೆ ಮುಟ್ಟದ ಮಡಿವಂತರಿಗೂ ಒಪ್ಪುವಂತೆ ವಿಲಾಯತಿಯ ತಿನಿಸನ್ನು ತಿದ್ದಿದ್ದು ಈ ಪರಂಪರೆಯ ಜಾಣ್ಮೆ. ಅನಂತರ ಬಂಧು ಬಂಧುವನ್ನು ಕರೆತಂದ, ಊರು ಊರನ್ನು ಕರೆತಂದಿತು. ಈಗ ಫಲಕದ ಮೇಲೆ ಅಯ್ಯಂಗಾರರಿದ್ದರೂ ಗಲ್ಲಾಪೆಟ್ಟಿಗೆಯ ಹಿಂದೆ ಹಾಸನ ಜಿಲ್ಲೆಯ ಹಳ್ಳಿಗಳ ಬೇರೆ ಬೇರೆ ಜಾತಿಯವರು ಅನೇಕರಿದ್ದಾರೆ.

ಅಂಥ ಅಂಗಡಿಯೊಂದರಲ್ಲಿ ಹೊಳೆನರಸೀಪುರದ ಹಿರಿಯರೊಬ್ಬರು ಬನ್ನು ಕೇಳಿದ ಧಾಟಿಯಿಂದಲೇ ಮಾಲೀಕ ಗುರುತು ಹಿಡಿದದ್ದನ್ನು ನಾನು ಕಂಡಿದ್ದೇನೆ.

“ಯಾವೂರಾಯ್ತು ಯಜಮಾನ್ರೆ?”

“ಹೊಳೆನರಸೀಪುರ ಕಣಪ್ಪ.”

“ಹಂಗಾದ್ರೆ ನಮ್ಮ ಕಡೆಯೋರೇ! ನಮ್ದು ಚನ್ನರಾಯಪಟ್ಟಣದ ಹತ್ರ. ಮಳೆ ಹೆಂಗೈತೆ?”

“ಹೇಮಾವತಿ ತುಂಬಿ ಹರೀತಾವ್ಳೆ.”

ಮಾಲೀಕ ಬನ್ನಿನ ಹಣವನ್ನು ತೆಗೆದುಕೊಂಡ, ಟೀ ಹಣವನ್ನು ತೆಗೆದುಕೊಳ್ಳಲಿಲ್ಲ. ಕೋಟಿಗೂ ಮೀರಿದ ಜನ ವಾಸಿಸುವ ಪಟ್ಟಣದಲ್ಲಿ ಒಂದು ಲೋಟ ಟೀ ಅಷ್ಟು ಸುಲಭವಾಗಿ ನೆಂಟಸ್ತನವನ್ನು ಕೂಡಿಸುತ್ತದೆ.

ಎದುರು ಕುಳಿತ ಅಪರಿಚಿತ

ಬೇಕರಿ ನಿಂತು ತಿನ್ನುವ ಜಾಗ. ಕುಳಿತು ತಿನ್ನಬೇಕಾದರೆ ಗಾಂಧಿಬಜಾರಿನ ವಿದ್ಯಾರ್ಥಿ ಭವನಕ್ಕೋ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್.ಗೋ ಹೋಗಬೇಕು. ಮಾವಳ್ಳಿ ಟಿಫನ್ ರೂಮ್ಸ್ 1924ರಲ್ಲಿ ಉಡುಪಿಯ ಕಡೆಯಿಂದ ಬಂದ ಮಯ್ಯ ಸಹೋದರರು ಆರಂಭಿಸಿದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆಯಿಂದ ಇಡ್ಲಿ ಮಾಡಿ, ಕೊರತೆಯನ್ನೇ ಕೀರ್ತಿಯಾಗಿ ಪರಿವರ್ತಿಸಿದ ಅಡುಗೆಮನೆ ಅದು. ವಿದ್ಯಾರ್ಥಿ ಭವನ 1943ರದು. ಹೆಸರೇ ಹೇಳುವಂತೆ ಸುತ್ತಲಿನ ಶಾಲಾ ಕಾಲೇಜುಗಳ ವಿದ್ಯಾರ್ಥಿಗಳಿಗಾಗಿ ಹುಟ್ಟಿದ್ದು. ಗೋಡೆಯ ಮೇಲೆ ಕನ್ನಡದ ಕವಿ ಸಾಹಿತಿಗಳ ರೇಖಾಚಿತ್ರಗಳಿವೆ. ಅವುಗಳ ಕೆಳಗೆ ಮಾಣಿ ಒಂದೇ ತೋಳಿನ ಮೇಲೆ ದೋಸೆಯ ತಟ್ಟೆಗಳನ್ನು ಗೋಪುರದಂತೆ ಪೇರಿಸಿಕೊಂಡು ಬರುವ ದೃಶ್ಯವನ್ನು ನೋಡಿದರೆ ಸಾಹಿತ್ಯಕ್ಕಿಂತ ದೊಡ್ಡ ಕಲೆ ಇದೆಯೆಂದು ಒಪ್ಪಿಕೊಳ್ಳಬೇಕಾಗುತ್ತದೆ.

ಇಲ್ಲಿ ಭಾನುವಾರ ಯಾರಿಗೂ ಪ್ರತ್ಯೇಕ ಮೇಜು ಸಿಕ್ಕುವುದಿಲ್ಲ. ಹೆಸರು ಬರೆಸಿ, ಹೊರಗೆ ಕಾದು, ಕರೆ ಬಂದಾಗ ಖಾಲಿಯಿರುವ ಕುರ್ಚಿಗೆ ಹೋಗಿ ಕೂಡಬೇಕು. ಎದುರಿಗೆ ಬ್ಯಾಂಕಿನ ಅಧಿಕಾರಿಯಿರಬಹುದು, ಆಟೋ ಓಡಿಸುವವನಿರಬಹುದು, ಅಮೆರಿಕದಿಂದ ರಜೆಗೆ ಬಂದ ಮೊಮ್ಮಗನೊಂದಿಗೆ ಅಜ್ಜಿಯಿರಬಹುದು. ಚಟ್ನಿಯ ಪಾತ್ರೆ ಬಂದಾಗ “ನಿಮಗಾಗಲಿ” ಎಂದು ಒಬ್ಬರು, “ಪರವಾಗಿಲ್ಲ, ನಿಮಗೇ ಮೊದಲು” ಎಂದು ಇನ್ನೊಬ್ಬರು. ದೊಡ್ಡ ಊರಿನ ಸೌಜನ್ಯ ಹುಟ್ಟುವುದು ಇಂಥ ಚಿಕ್ಕ ಮೇಜುಗಳ ಮೇಲೆ. ಶಂಕರಪುರದ ಬ್ರಾಹ್ಮಣರ ಕಾಫಿ ಬಾರಿನಲ್ಲಿ ಕುರ್ಚಿಯೂ ಇಲ್ಲ, ಸಾಂಬಾರೂ ಇಲ್ಲ. ಇಡ್ಲಿ, ವಡೆ, ಚಟ್ನಿ ಹಿಡಿದು ಕಟ್ಟೆಯ ಮೇಲೆ ಕುಳಿತವರಲ್ಲಿ ಯಾರು ಕಾರಿನಲ್ಲಿ ಬಂದವರು, ಯಾರು ನಡೆದು ಬಂದವರು ಎಂದು ಹೇಳಲಾಗುವುದಿಲ್ಲ.

ಹೊಟ್ಟೆ ತುಂಬಿದವರ ಕಿವಿಗೂ ಈ ಊರಿನಲ್ಲಿ ಔತಣವುಂಟು. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದ ರಾಮನವಮಿ ಸಂಗೀತೋತ್ಸವ 1939ರಲ್ಲಿ ಮೊದಲಾದದ್ದು. ಬೆಂಗಳೂರಿನ ಸಂಗೀತಕ್ಕೆ ಹಿರಿಯ ವಿದ್ವಾಂಸರಾದ ಆರ್. ಕೆ. ಶ್ರೀಕಂಠನ್ ಅವರನ್ನು ಕೊಟ್ಟದ್ದು ಅರಕಲಗೂಡು ತಾಲ್ಲೂಕಿನ ಕಾವೇರಿ ತೀರದ ರುದ್ರಪಟ್ಟಣ. ರೈಲಿಲ್ಲದ ತಾಲ್ಲೂಕು ರಾಗವನ್ನು ಕಳುಹಿಸಿಕೊಟ್ಟಿತು.

ಜಾವಗಲ್ಲಿನ ಹೆಸರು

ಇನ್ನು ಆಟದ ಮಾತು. ಕಬ್ಬನ್ ಪಾರ್ಕಿನ ಮಗ್ಗುಲಿನ ಕ್ರೀಡಾಂಗಣಕ್ಕೆ ಮಂಡ್ಯದ ವಕೀಲರಾಗಿದ್ದ ಎಂ. ಚಿನ್ನಸ್ವಾಮಿಯವರ ಹೆಸರಿದೆ. 1974ರ ಮಾರ್ಚ್‌ನಲ್ಲಿ ಅಲ್ಲಿ ನಡೆದ ರಣಜಿ ಉಪಾಂತ್ಯ ಪಂದ್ಯದಲ್ಲಿ ಪ್ರಸನ್ನರ ಕರ್ನಾಟಕ ತಂಡ ಮುಂಬಯಿಯನ್ನು ಹಿಂದಿಕ್ಕಿತು. ಸತತವಾಗಿ 15 ವರ್ಷ ಟ್ರೋಫಿಯನ್ನು ತನ್ನಲ್ಲೇ ಇಟ್ಟುಕೊಂಡಿದ್ದ ತಂಡ ಅದು. ಆ ವರ್ಷವೇ ಕರ್ನಾಟಕ ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದಿತು.

ಆದರೆ ಹಾಸನದವರು ಹೇಳಿಕೊಳ್ಳುವ ರಾತ್ರಿ ಬೇರೆ. 1996ರ ಅಕ್ಟೋಬರ್ 21ರಂದು ಆಸ್ಟ್ರೇಲಿಯದ ವಿರುದ್ಧ ಭಾರತಕ್ಕೆ ಬೇಕಾಗಿದ್ದುದು 216 ಓಟ. ಸಚಿನ್ ತೆಂಡೂಲ್ಕರ್ ಔಟಾದಾಗ ಎಂಟು ವಿಕೆಟ್ಟುಗಳು ಬಿದ್ದು 164. ಜನ ಎದ್ದು ಬಾಗಿಲ ಕಡೆ ಮುಖ ಮಾಡಿದ್ದರೆ ಆಶ್ಚರ್ಯವಿರಲಿಲ್ಲ. ಆಗ ಅನಿಲ್ ಕುಂಬ್ಳೆ ಮತ್ತು ಜಾವಗಲ್ ಶ್ರೀನಾಥ್, ಬೌಲ್ ಮಾಡುವುದಕ್ಕೆ ಹೆಸರಾದ ಇಬ್ಬರು, ಬ್ಯಾಟು ಹಿಡಿದು ಉಳಿದ 52 ಓಟಗಳನ್ನು ಗಳಿಸಿ ತಂಡವನ್ನು ಗೆಲ್ಲಿಸಿದರು. ಶ್ರೀನಾಥ್ ಹುಟ್ಟಿದ್ದು ಮೈಸೂರಿನಲ್ಲಿ; ಆದರೆ ಅವರು ಹೆಸರಿನ ಮುಂದೆ ಹೊತ್ತು ತಿರುಗಿದ್ದು ಅರಸೀಕೆರೆ ತಾಲ್ಲೂಕಿನ ಜಾವಗಲ್ಲನ್ನು. ಹೊಯ್ಸಳರು ಲಕ್ಷ್ಮೀನರಸಿಂಹನ ಗುಡಿ ಕಟ್ಟಿದ ಆ ಪುಟ್ಟ ಊರಿನ ಹೆಸರು ಅಂದು ಕ್ರೀಡಾಂಗಣದ ತುಂಬ ಕೇಳಿತು. ಆ ವರ್ಷ ದೇಶದ ಪ್ರಧಾನಿಗಳೂ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯವರು. ನಮ್ಮ ಜಿಲ್ಲೆಯವರಿಗೆ ಸ್ವಲ್ಪ ಜಂಬ ಬಂದಿದ್ದರೆ ಕ್ಷಮಿಸಬೇಕು.

ಕಬಡ್ಡಿ ಬೇಕೆನ್ನುವವರಿಗೆ ಕಂಠೀರವ ಒಳಾಂಗಣವುಂಟು. ಊರಿನ ಶಾಲೆಯ ಬಯಲಿನಲ್ಲಿ ಮಣ್ಣು ಮೆತ್ತಿಕೊಂಡು ಆಡಿದ ಆಟವನ್ನು ದೀಪಗಳ ಕೆಳಗೆ, ಮೆತ್ತೆಯ ಮೇಲೆ ನೋಡುವಾಗ ಹಳ್ಳಿಯಿಂದ ಬಂದವನು ಪಕ್ಕದವನಿಗೆ ಆಟದ ಮರ್ಮವನ್ನು ವಿವರಿಸಿಕೊಡುತ್ತಾನೆ. ಪಟ್ಟಣ ಅವನಿಗೆ ಉಪಾಧ್ಯಾಯನ ಪದವಿಯನ್ನು ಕೊಡುವುದು ಅಲ್ಲಿ ಮಾತ್ರ.

ಗುಂಪು ಮತ್ತು ಬಳಗ

ಇಷ್ಟೆಲ್ಲ ಸುಖವನ್ನು ಹೇಳಿದ ಮೇಲೆ 2025ರ ಜೂನ್ 4ನ್ನು ಮರೆತು ಮುಂದೆ ಹೋಗುವುದು ನ್ಯಾಯವಲ್ಲ. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡ ಮೊದಲ ಬಾರಿಗೆ ಐ.ಪಿ.ಎಲ್. ಪ್ರಶಸ್ತಿ ಗೆದ್ದಿತ್ತು. ಹದಿನೆಂಟು ವರ್ಷ ಕಾದ ಜನ. ವಿಜಯೋತ್ಸವವನ್ನು ನೋಡಲು ಲಕ್ಷಾಂತರ ಮಂದಿ ಬಂದರು. ಚಿನ್ನಸ್ವಾಮಿ ಕ್ರೀಡಾಂಗಣದ ದ್ವಾರಗಳ ಬಳಿ ನೂಕುನುಗ್ಗಲಿಗೆ ಸಿಕ್ಕಿ 11 ಮಂದಿ ಪ್ರಾಣ ಬಿಟ್ಟರು. ಹೆಚ್ಚಿನವರು ಎಳೆಯರು. ಪಂದ್ಯವಲ್ಲ, ಸೋಲಲ್ಲ, ಜಗಳವಲ್ಲ. ಸಂತೋಷಪಡಲು ಬಂದವರು ಸಂತೋಷದ ಬಾಗಿಲಲ್ಲೇ ಬಿದ್ದರು. ಆ ಸಂಜೆ ನಮ್ಮ ಜಿಲ್ಲೆಯ ಎಷ್ಟು ಮನೆಗಳಲ್ಲಿ ಬೆಂಗಳೂರಿನಲ್ಲಿ ಓದುವ ಮಗನಿಗೆ, ಕೆಲಸ ಮಾಡುವ ಮಗಳಿಗೆ ಮತ್ತೆ ಮತ್ತೆ ದೂರವಾಣಿ ಮಾಡಿದರೋ! ಉತ್ತರ ಬರುವ ತನಕದ ಆ ಕ್ಷಣಗಳನ್ನು ತಾಯಂದಿರು ಇನ್ನೂ ಮರೆತಿಲ್ಲ.

ತಪ್ಪು ಯಾರದೆಂದು ತೀರ್ಮಾನಿಸುವುದು ಈ ಲೇಖನದ ಕೆಲಸವಲ್ಲ. ಆದರೆ ಒಂದು ಮಾತು ಸ್ಪಷ್ಟ. ಜನ ಸೇರಿದ ಮಾತ್ರಕ್ಕೆ ಬಳಗವಾಗುವುದಿಲ್ಲ. ಬಂದವರನ್ನು ಎಣಿಸುವವರು, ಕೂಡಿಸುವವರು, “ಇಲ್ಲಿ ಜಾಗವಿಲ್ಲ, ಅಲ್ಲಿ ಹೋಗಿ” ಎಂದು ಹೇಳುವವರು ಬೇಕು. ವಿದ್ಯಾರ್ಥಿ ಭವನದ ಬಾಗಿಲಲ್ಲಿ ಹೆಸರು ಬರೆದುಕೊಳ್ಳುವವನು ಮಾಡುವುದು ಇದನ್ನೇ. ಅವನಿಂದಾಗಿಯೇ ಹಸಿದ ನೂರು ಜನ ಒಬ್ಬರನ್ನೊಬ್ಬರು ನೂಕದೆ, ಹರಟೆ ಹೊಡೆಯುತ್ತ ಕಾಯುತ್ತಾರೆ. ಊರಿನ ತೇರಿನಲ್ಲಿ ಹಗ್ಗ ಹಿಡಿಯುವವರು ಸಾವಿರವಿದ್ದರೂ ಗಾಲಿಗೆ ಚಪ್ಪಡಿ ಕೊಡುವ ನಾಲ್ಕು ಮಂದಿಯ ಮೇಲೆ ಎಲ್ಲರ ಜೀವ ನಿಂತಿರುತ್ತದೆ. ಅವರು ಎಚ್ಚರ ತಪ್ಪಿದರೆ ಭಕ್ತಿ ಎಷ್ಟಿದ್ದರೂ ಫಲವಿಲ್ಲ. ವರ್ಷಕ್ಕೊಮ್ಮೆ ಮಾತ್ರ ಬಾಗಿಲು ತೆರೆಯುವ ಹಾಸನಾಂಬೆಯ ದರ್ಶನಕ್ಕೆ ಲಕ್ಷಗಟ್ಟಲೆ ಜನ ಬರುವುದನ್ನು ಕಂಡಿರುವ ನಮಗೆ ಸರತಿಯ ಸಾಲು ಎಂದರೇನು, ಅದು ಮುರಿದರೆ ಏನಾದೀತು ಎಂದು ಬೇರೆಯವರು ಹೇಳಬೇಕಾಗಿಲ್ಲ.

ಆದ್ದರಿಂದ ಬೆಂಗಳೂರಿನ ಸುಖ ಎತ್ತರದ ಕಟ್ಟಡದಲ್ಲಾಗಲಿ ದೊಡ್ಡ ಕ್ರೀಡಾಂಗಣದಲ್ಲಾಗಲಿ ಇದೆಯೆಂದು ನನಗೆ ತೋರುವುದಿಲ್ಲ. ಅದು ಇರುವುದು ಆತಿಥ್ಯದಲ್ಲಿ. ಟೀ ಹಣ ಬೇಡವೆಂದ ಬೇಕರಿಯವನಲ್ಲಿ, ಚಟ್ನಿಯನ್ನು ಮೊದಲು ನಿಮಗೆ ಬಿಟ್ಟ ಅಪರಿಚಿತನಲ್ಲಿ, ಬಿಸಿಲಲ್ಲಿ ಕುಳಿತ ಹುಡುಗನಿಗೆ ತನ್ನ ಪಕ್ಕದ ನೆರಳನ್ನು ತೋರಿಸುವ ಪ್ರೇಕ್ಷಕನಲ್ಲಿ. ವಾಚಕರು ಸಂಸಾರ ಸಮೇತ ಹೋಗುವುದಾದರೆ ಒಂದು ಸಲ ಗದ್ದಲದ ಪಂದ್ಯವನ್ನು ಬಿಟ್ಟು ನಾಲ್ಕು ದಿನಗಳ ರಣಜಿ ಪಂದ್ಯದ ಒಂದು ಬೆಳಗನ್ನು ನೋಡಲಿ. ಕಾರ್ತೀಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೇಕಾಯಿ ಪರಿಷೆಯನ್ನು ಸುತ್ತಲಿ. ಮಕ್ಕಳ ಕೈ ಹಿಡಿದಿರಲಿ. ಕೂಡಿಕೊಳ್ಳುವ ಸ್ಥಳವನ್ನು ಮೊದಲೇ ಗೊತ್ತುಮಾಡಿಕೊಳ್ಳಲಿ. ಬೆಂಗಳೂರಿಗೆ ಬನ್ನು ತಿನ್ನಲು ಕಲಿಸಿದವರು ನಾವು. ಅಲ್ಲಿಂದ ಹಿಂದಿರುಗುವಾಗ ನಮ್ಮ ಕೈಚೀಲದಲ್ಲಿ ದಿಲ್‌ಪಸಂದಿನ ಪೊಟ್ಟಣವಿರಲಿ, ಜೊತೆಗೆ ಹೋದವರೆಲ್ಲರೂ ಕ್ಷೇಮವಾಗಿ ಜೊತೆಯಲ್ಲಿರಲಿ.