ಒಂದು ಪಾವು ಎಂದರೆ ಎಷ್ಟು?

ಕನ್ನಡದಲ್ಲಿ ಅಳೆಯುವುದು ಬೇರೆ, ತೂಗುವುದು ಬೇರೆ. ಅಕ್ಕಿ, ರಾಗಿ, ಬೇಳೆಗಳನ್ನು ನಮ್ಮ ಹಿರಿಯರು ಅಳೆಯುತ್ತಿದ್ದರು. ಬೆಲ್ಲ, ಹುಣಿಸೆ, ಬೆಣ್ಣೆಗಳನ್ನು ತೂಗುತ್ತಿದ್ದರು. ‘ಅಳೆದೂ ತೂಗಿ’ ಎಂಬ ನುಡಿಗಟ್ಟಿನಲ್ಲಿ ಎರಡಕ್ಕೂ ಸ್ಥಾನವಿದೆ. ಹೊರನಾಡಿನಲ್ಲಿ ನೆಲೆಸಿದ ನಮ್ಮ ಅಡುಗೆಮನೆಗಳಲ್ಲಿ ಮಾತ್ರ ಇವುಗಳ ನಡುವಿನ ಗೆರೆ ಮಾಸಿದೆ. ಅದನ್ನು ಮಾಸಿಸಿದ ಪದ ‘ಪಾವು’.

ಮುಲುಂಡ್ ಪಶ್ಚಿಮದ ಪಾಂಚ್ ರಸ್ತಾ ಬಳಿಯ ಕಿರಾಣಿ ಅಂಗಡಿಯಲ್ಲಿ ‘ಪಾವ್’ ಎಂದರೆ ಕಾಲು ಕಿಲೋ, 250 ಗ್ರಾಂ. ಹಿಂದೆ ಇದು ‘ಪಾವ್‌ಶೇರ್’ ಆಗಿತ್ತು. 80 ತೊಲದ ಸೇರು ಸುಮಾರು 933 ಗ್ರಾಂ. ಅದರ ಕಾಲು ಭಾಗ 233 ಗ್ರಾಂ. 1956ರ ಕಾಯಿದೆಯನ್ವಯ 1958ರ ಅಕ್ಟೋಬರ್ 1ರಿಂದ ಮೆಟ್ರಿಕ್ ತೂಕಗಳು ಹಂತಹಂತವಾಗಿ ಬಂದಾಗ ಪದ ಉಳಿಯಿತು, ತೂಕ ತುಸು ಹೆಚ್ಚಿತು. ನಮ್ಮ ಪಾವು ಕೂಡ ಸೇರಿನ ಕಾಲು ಭಾಗವೇ. ಆದರೆ ಹಳೆಯ ಮೈಸೂರು ಸೀಮೆಯ ಅಡುಗೆಮನೆಯಲ್ಲಿ ಸೇರು, ಅಚ್ಚೇರು, ಪಾವು, ಚಟಾಕುಗಳೆಲ್ಲ ಪಾತ್ರೆಗಳು, ತೂಕದ ಬಟ್ಟುಗಳಲ್ಲ.

ಊರಿನಿಂದ ತಾಯಿ ದೂರವಾಣಿಯಲ್ಲಿ ಹೇಳುವ ಹುಳಿಪುಡಿಯ ಲೆಕ್ಕ ಹೀಗಿದೆ: ಧನಿಯ ಎರಡು ಪಾವು, ಕಡಲೆಬೇಳೆ ಅರ್ಧ ಪಾವು. ಇದನ್ನು ಮುಲುಂಡಿನ ಅರ್ಥದಲ್ಲಿ ಗ್ರಹಿಸಿದರೆ 500 ಗ್ರಾಂ ಧನಿಯಕ್ಕೆ 125 ಗ್ರಾಂ ಬೇಳೆ, ಅಂದರೆ ನಾಲ್ಕಕ್ಕೆ ಒಂದು. ವಾಸ್ತವವೇ ಬೇರೆ. ಧನಿಯ ಹಗುರ, ಬೇಳೆ ಭಾರ. 240 ಮಿಲಿಲೀಟರ್ ಹಿಡಿಯುವ ಪಾತ್ರೆಯಲ್ಲಿ ಧನಿಯ ಸುಮಾರು 80 ಗ್ರಾಂ, ಕಡಲೆಬೇಳೆ ಸುಮಾರು 200 ಗ್ರಾಂ ತೂಗುತ್ತವೆ. ಅಂದರೆ ತಾಯಿಯ ಲೆಕ್ಕದಲ್ಲಿ 160 ಗ್ರಾಂ ಧನಿಯಕ್ಕೆ 100 ಗ್ರಾಂ ಬೇಳೆ. ಒಂದೇ ಪಾತ್ರೆಯಿಂದ ಎಲ್ಲವನ್ನೂ ಅಳೆಯುವವರೆಗೆ ಯಾವ ಪರಿವರ್ತನೆಯೂ ಬೇಕಿಲ್ಲ. ಪಾತ್ರೆಯನ್ನು ಬಿಟ್ಟು ಪದವನ್ನಷ್ಟೇ ರೈಲು ಹತ್ತಿಸಿಕೊಂಡು ಬಂದರೆ ರುಚಿ ಊರಿನಲ್ಲೇ ಉಳಿಯುತ್ತದೆ.

ತಾಯಿಗೆ ವಯಸ್ಸಾಗಿದೆ. ಕಳೆದ ದಸರೆಯ ರಜೆಗೆ ಹೋದಾಗ ನಾವು ಪುಟ್ಟದೊಂದು ಡಿಜಿಟಲ್ ತಕ್ಕಡಿಯನ್ನು ಜೊತೆಗೆ ಒಯ್ದೆವು. ಹಿತ್ತಾಳೆಯ ಪಾವಿಗೆ ನೀರು ತುಂಬಿ ತೂಗಿದೆವು. ನೀರಿನ ಒಂದು ಗ್ರಾಂ ಒಂದು ಮಿಲಿಲೀಟರೇ ಆದ್ದರಿಂದ ಪಾತ್ರೆಯ ಗಾತ್ರ ತಿಳಿಯಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಅನಂತರ ಒಂದೊಂದು ಪದಾರ್ಥವನ್ನೂ ತಾಯಿಯೇ ಅಳೆದರು, ನಾವು ತೂಗಿದೆವು. ಆಗ ತಿಳಿದದ್ದು: ಬೇಳೆಯ ಪಾವನ್ನು ಅವರು ಬೆರಳಿನಿಂದ ಸವರುತ್ತಾರೆ, ಧನಿಯಕ್ಕೆ ಮಾತ್ರ ಗೋಪುರ ಬಿಡುತ್ತಾರೆ. ಆ ಗೋಪುರವೇ 15 ಗ್ರಾಂ! ಎಂದೂ ಹೇಳಿರಲಿಲ್ಲವಲ್ಲ ಎಂದರೆ, “ಅದನ್ನೂ ಹೇಳಬೇಕೇ?” ಎಂದರು. ಅಮೆರಿಕದ ಫ್ಯಾನಿ ಫಾರ್ಮರ್ 1896ರ ತಮ್ಮ ಅಡುಗೆ ಪುಸ್ತಕದಲ್ಲಿ ಬಟ್ಟಲನ್ನು ಸಮತಟ್ಟಾಗಿ ಸವರಿ ಅಳೆಯಬೇಕೆಂದು ಪಟ್ಟುಹಿಡಿದದ್ದು ಏಕೆಂದು ಆಗ ಅರ್ಥವಾಯಿತು.

ತಾಯಿ ಅಳೆಯುವಾಗ ಮೊದಲ ಪಾವಿಗೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ನಮ್ಮ ಪಟ್ಟಿಯಲ್ಲೂ ಹಾಗೆಯೇ ಬರೆದುಕೊಂಡಿದ್ದೇವೆ.

ಕರಾವಳಿಯವರ ಮನೆಯಲ್ಲಿ ಕುಡ್ತೆ ಇರಬಹುದು, ಧಾರವಾಡದ ಕಡೆಯವರ ಮನೆಯಲ್ಲಿ ಗಿದ್ನ ಇರಬಹುದು. ಅಳೆಯುವ ಕೈ ಇರುವಾಗಲೇ ಒಮ್ಮೆ ತೂಗಿ, ಸವರಿದ್ದೋ ಗೋಪುರವೋ ಎಂಬುದನ್ನೂ ಸೇರಿಸಿ ಬರೆದಿಡಿ.