ಅನುದಾನ ಕೇಳುವಾಗ ನಾವು ಹೇಳಬೇಕಾದ್ದು

ಗಡಿನಾಡ ಕನ್ನಡ ಶಾಲೆಗಳಿಗಾಗಿ ದುಡಿಯುವ ಸಂಸ್ಥೆಗಳು ಅನುದಾನ ಕೇಳಲು ಹೋದಾಗ ಮೊದಲು ಎದುರಾಗುವ ಪ್ರಶ್ನೆ, "ಎಷ್ಟು ಮಕ್ಕಳಿದ್ದಾರೆ?" ಅಂಚೆಟ್ಟಿಯ ಕಾಡಂಚಿನಲ್ಲಿ ಪಾಠ ಮಾಡುವ ನಮಗೆ ಈ ಪ್ರಶ್ನೆಯೇ ಕಷ್ಟ. ತಲೆ ಎಣಿಸಿದರೆ ನಾವು ಹಿಂದೆ ಬೀಳುವುದು ಖಂಡಿತ!

ಆದರೆ ಕಾನೂನು ನಮ್ಮ ಕಡೆಗಿದೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಅದರಲ್ಲಿ ಶಿಕ್ಷಣವೂ ಸೇರಿದೆ, ಸುತ್ತಲಿನ ಊರುಗಳಿಗೆ ಆದ್ಯತೆ ಕೊಡಬೇಕೆಂದೂ ಇದೆ. ಟೈಟಾನ್, ಟಿವಿಎಸ್, ಅಶೋಕ್ ಲೇಲ್ಯಾಂಡ್ ಕಾರ್ಖಾನೆಗಳಿರುವ ಹೊಸೂರು ನಮ್ಮ ಜಿಲ್ಲೆಯದೇ ತಾನೆ?

ಹಣ ಪಡೆಯುವ ಟ್ರಸ್ಟ್ 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಾಯಿಸಿರಬೇಕು. ಆ ಕಾಗದಪತ್ರ ಅವರು ನೋಡಿಕೊಳ್ಳಲಿ. ತರಗತಿಯ ಲೆಕ್ಕ ಕೊಡಬೇಕಾದವರು ಶಿಕ್ಷಕರಾದ ನಾವು.

"ಕನ್ನಡ ಉಳಿಸಿ" ಎಂದಷ್ಟೇ ಬರೆದರೆ ಸಾಲದು. 2006ರ ತಮಿಳು ಕಲಿಕೆ ಕಾಯ್ದೆಯ ನಂತರ ನಮ್ಮ ಮಕ್ಕಳು ಕನ್ನಡ, ಇಂಗ್ಲಿಷ್ ಜೊತೆಗೆ ತಮಿಳನ್ನೂ ಕಡ್ಡಾಯವಾಗಿ ಕಲಿಯುತ್ತಾರೆ. ಮನೆಮಾತಿನ ಓದು ಗಟ್ಟಿಯಾದರೆ ಉಳಿದೆರಡೂ ಸುಲಭವೆಂದು ಬರೆಯೋಣ. ಜೂನ್‌ನಲ್ಲಿ ಒಂದು ಪುಟ ಓದಬಲ್ಲವರೆಷ್ಟು, ಮಾರ್ಚ್‌ನಲ್ಲಿ ಎಷ್ಟು ಎಂದು ತೋರಿಸೋಣ.

ಖರ್ಚೂ ಕಡಿಮೆ. 2015ರಲ್ಲಿ ಪ್ರಥಮ್ ಬುಕ್ಸ್ ಆರಂಭಿಸಿದ ಸ್ಟೋರಿವೀವರ್‌ನಲ್ಲಿರುವ ಕನ್ನಡ ಕಥೆಗಳನ್ನು ಯಾರು ಬೇಕಾದರೂ ಮುದ್ರಿಸಿಕೊಳ್ಳಬಹುದು. ನಾವು ಕೇಳಬೇಕಾದ್ದು ಮುದ್ರಣಕ್ಕೆ, ಒಂದು ಬೀರುವಿಗೆ.

ಹನ್ನೆರಡೇ ಮಕ್ಕಳೆಂದು ಸಂಕೋಚ ಬೇಡ. ಹನ್ನೆರಡು ಮಂದಿಯೂ ಓದಿದರೆ ಅದು ನೂರಕ್ಕೆ ನೂರು. ಏನಂತೀರಿ?