ಲುಕ್ಲಾದ ಓರೆ ರನ್‌ವೇ

ನೇಪಾಳದ ಲುಕ್ಲಾ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 2,845 ಮೀಟರ್ ಎತ್ತರದಲ್ಲಿದೆ. ಎಡ್ಮಂಡ್ ಹಿಲರಿಯ ಮುಂದಾಳತ್ವದಲ್ಲಿ 1964ರಲ್ಲಿ ಸಿದ್ಧವಾದ ಇದರ ರನ್‌ವೇಗೆ ಡಾಂಬರು ಬಿದ್ದದ್ದು 2001ರಲ್ಲಿ. ಉದ್ದ ಬರೀ 527 ಮೀಟರ್. ಒಂದು ತುದಿಯಲ್ಲಿ ಬೆಟ್ಟ, ಇನ್ನೊಂದರಲ್ಲಿ ಆಳ ಕಣಿವೆ.

ಉದ್ದದ ಈ ಕೊರತೆ ತುಂಬಿಕೊಡುವುದು ನೆಲದ ಓರೆಯೇ. ರನ್‌ವೇ ಸುಮಾರು ಶೇ. 12ರಷ್ಟು ಇಳಿಜಾರು. ಬಂದಿಳಿಯುವ ವಿಮಾನ ಏರಿನಲ್ಲಿ ಓಡುವುದರಿಂದ ಬೇಗ ನಿಲ್ಲುತ್ತದೆ. ಹೊರಡುವ ವಿಮಾನಕ್ಕೆ ಇಳಿಜಾರಿನಲ್ಲಿ ಬೇಗ ವೇಗ ಸಿಗುತ್ತದೆ. ತೆಳುಗಾಳಿಯಲ್ಲಿ ರೆಕ್ಕೆಗೂ ಎಂಜಿನ್ನಿಗೂ ಕಸುವು ಕಡಿಮೆ, ಹಾಗಾಗಿ ಈ ನೆರವು ದೊಡ್ಡದು. ಆದರೆ ಕೊನೆಯ ಹಂತಕ್ಕೆ ಬಂದಮೇಲೆ ಮತ್ತೆ ಮೇಲೇರಿ ಸುತ್ತು ಹಾಕಲು ಜಾಗವಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗಾಳಿ, ಮೋಡ ಹೆಚ್ಚುವುದರಿಂದ ಹಾರಾಟ ಬಹುತೇಕ ಬೆಳಗ್ಗೆಯೇ. ಇಲ್ಲಿಂದ ಎವರೆಸ್ಟ್ ಚಾರಣಕ್ಕೆ ಹೊರಡುವವರು ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಬೇಕು; ಮೋಡ ಕವಿದಾಗ ಹಾರುವುದಿಲ್ಲ ಎನ್ನುವ ಪೈಲಟ್‌ನ ತೀರ್ಮಾನವೇ ಸರಿ.